ಲಾವಾ ಮೇಲಿನ ಊರು ಹಾಫ್ನರ್ಫ್ಯೋರ್ದುರ್: ಎಲ್ಫ್ ಕತೆ ಬಿಟ್ಟು ಅಲ್ಲಿ ಬೇರೆ ಏನಿದೆ?

ಲಾವಾ_ಮನೆ:
ಐಸ್‌ಲ್ಯಾಂಡ್ ಬಗ್ಗೆ ಕನ್ನಡದಲ್ಲಿ ಬರೋ ವಿಡಿಯೋಗಳಲ್ಲಿ ಹಾಫ್ನರ್ಫ್ಯೋರ್ದುರ್ ಹೆಸರು ಬಂತು ಅಂದ್ರೆ ಮುಂದಿನ ಮಾತು ಎಲ್ಫ್‌ಗಳದ್ದೇ. ಬಂಡೆಯೊಳಗೆ ಅಡಗಿ ಕೂತಿರೋ ಜನ, ಅವರಿಗೆ ಹೆದರಿ ರಸ್ತೆ ಬಾಗಿಸೋ ಸರ್ಕಾರ, ಅಲ್ಲಿಗೆ ಮುಗೀತು. ಇದೇ ಊರಲ್ಲಿ ಮನೆ ಮಾಡ್ಕೊಂಡು ಮಕ್ಕಳನ್ನ ಸ್ಕೂಲಿಗೆ ಹಾಕಿರೋ ನನಗೆ ಅದನ್ನ ನೋಡಿದಾಗೆಲ್ಲ ಮೈ ಉರಿಯುತ್ತೆ. ಇದು ದುಡಿಯೋರ ಊರು ಕಣ್ರೀ. ಬಂದರು, ಮೀನು, ಕರೆಂಟು, ಅಲ್ಯೂಮಿನಿಯಂ, ಇವೇ ಇದರ ಚರಿತ್ರೆ. ಎಲ್ಫ್‌ಗಳು ಬೋರ್ಡ್ ಮೇಲೆ ಬಂದಿದ್ದು ತೀರಾ ಈಚೆಗೆ.

ಗೊತ್ತಿಲ್ಲದವರಿಗೆ ಎರಡು ಮಾತು. ರೇಕ್ಯಾವಿಕ್‌ನಿಂದ ದಕ್ಷಿಣಕ್ಕೆ ಸುಮಾರು 10 ಕಿ.ಮೀ. ಐಸ್‌ಲ್ಯಾಂಡಿನ ಇಡೀ ಜನಸಂಖ್ಯೆ 4 ಲಕ್ಷ ಮುಟ್ಟಿಲ್ಲ, ಅದರಲ್ಲಿ ಮೂರರಲ್ಲಿ ಎರಡು ಪಾಲು ಜನ ರಾಜಧಾನಿ ಮತ್ತು ಅದಕ್ಕೆ ಅಂಟಿಕೊಂಡ ಊರುಗಳಲ್ಲೇ ಇದ್ದಾರೆ. ಈ ಊರಲ್ಲಿ 30,000ಕ್ಕೆ ಸ್ವಲ್ಪ ಮೇಲೆ. ರೇಕ್ಯಾವಿಕ್, ಕೋಪವೋಗುರ್ ಬಿಟ್ರೆ ದೇಶದ ಮೂರನೇ ದೊಡ್ಡ ಊರು. ರಾಜಧಾನಿಯಲ್ಲಿ 1ನೇ ನಂಬರಿನ ಹಳದಿ ಬಸ್ಸು ಹತ್ತಿದ್ರೆ ಕೋಪವೋಗುರ್, ಗಾರ್ದಬೈರ್ ದಾಟಿಕೊಂಡು ಇಲ್ಲಿಗೆ ಬರುತ್ತೆ. ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಗೊತ್ತೇ ಆಗಲ್ಲ.

ಹಾಗಂತ ಇದನ್ನ ರೇಕ್ಯಾವಿಕ್‌ನ ಬಡಾವಣೆ ಅಂತ ಹಳಬರ ಎದುರು ಅನ್ನಬೇಡಿ. ಕೋಪವೋಗುರ್ ಬೇಕಾದ್ರೆ ಅನ್ನಿ. ಅದು 1948ರಲ್ಲಿ ಬೇರೆ ಪಂಚಾಯ್ತಿಯಾಗಿ, 1955ರಲ್ಲಿ ಪಟ್ಟಣ ಆದದ್ದು. ಇದಕ್ಕೆ 1908ರ ಜೂನ್ 1ಕ್ಕೇ ಪಟ್ಟಣದ ಹಕ್ಕು ಸಿಕ್ಕಿತ್ತು. ಬಂದರಿನ ಲೆಕ್ಕ ಹಿಡಿದ್ರಂತೂ, ರೇಕ್ಯಾವಿಕ್ ಇನ್ನೂ ಒಂದು ಹೊಲಮನೆ ಆಗಿದ್ದ ಕಾಲದಲ್ಲೇ ಇಲ್ಲಿ ಇಂಗ್ಲಿಷರೂ ಜರ್ಮನರೂ ವ್ಯಾಪಾರಕ್ಕೆ ಬಡಿದಾಡ್ತಿದ್ರು.

ಏನಾದ್ರೂ ಕೇಳೋದಿದ್ರೆ ಕೇಳಿ. ಎಲ್ಫ್ ಪ್ರಶ್ನೆಗೆ ಕೊನೇಲಿ ಉತ್ತರ.

ಧಾರವಾಡದ_ಮಾಸ್ತರ:
ನಮಸ್ಕಾರ್ರಿ. ನಾನು ಭೂಗೋಳದ ಮಾಸ್ತರ, ಈಗ ರಿಟೈರ್ ಆಗೀನಿ. ನನಗ ಒಂದು ಕೇಳೋದೈತಿ. ಲಾವಾ ಅಂದ್ರ ಎಲ್ಲಾ ಕಡೆ ಬಿರುಕು, ಪೊಳ್ಳು, ಚೂಪ ಕಲ್ಲು. ಅದರ ಮ್ಯಾಲ ಪಾಯಾ ಹೆಂಗ ಹಾಕ್ತಾರ? ಮತ್ತ ಆ ಲಾವಾ ಎಷ್ಟು ಹಳೇದು? ನಾಳೆ ಮತ್ತ ಬರೂದಿಲ್ಲ ಅಂತ ಏನ್ ಗ್ಯಾರಂಟಿ?

ಲಾವಾ_ಮನೆ:
ಮಾಸ್ತರೇ, ನಮಸ್ಕಾರ. ಗ್ಯಾರಂಟಿ ಏನೂ ಇಲ್ಲ, ಅದೇ ತಮಾಷೆ.

ಹಳೇ ಪೇಟೆ ಇರೋದು ಬೂರ್ಫೆಟ್ಲ್ ಅನ್ನೋ ಕುಳಿಯಿಂದ ಸುಮಾರು 8,000 ವರ್ಷದ ಹಿಂದೆ ಹರಿದು ಬಂದ ಲಾವಾ ಮೇಲೆ. ಆ ಹರಿವು ಸಮುದ್ರದವರೆಗೂ ಬಂದು ನಿಂತದ್ದರಿಂದಲೇ ಇಲ್ಲಿ ಗಾಳಿ ಅಲೆಗೆ ಮರೆಯಾದ ಬಂದರು ಆಯ್ತು. ಊರು ಹುಟ್ಟೋಕೆ ಅದೇ ಕಾರಣ. ಹಳಬರು ಕಲ್ಲು ಒಡೆಯೋ ಗೋಜಿಗೆ ಹೋಗಲಿಲ್ಲ, ಬಂಡೆಗಳ ನಡುವೆ ಜಾಗ ಸಿಕ್ಕಲ್ಲಿ ಮನೆ ಕೂರಿಸಿದ್ರು. ಅದಕ್ಕೇ ಹಳೇ ಬೀದಿಗಳು ಸೊಟ್ಟ. ತಗಡು ಹೊದಿಸಿದ ಮರದ ಮನೆ, ಅದರ ಅಡುಗೆಮನೆ ಕಿಟಕಿಗೇ ತಾಗಿಕೊಂಡು ಆಳೆತ್ತರದ ಕಪ್ಪು ಬಂಡೆ, ಬಂಡೆ ಮೇಲೆ ಬೂದು ಬಣ್ಣದ ಪಾಚಿ. ಈ ಪಾಚಿ ಮೇಲೆ ಕಾಲಿಟ್ರೆ ಆ ಗುರುತು ಎಷ್ಟೋ ವರ್ಷ ಹಾಗೇ ಉಳಿಯುತ್ತೆ, ಅಷ್ಟು ನಿಧಾನ ಬೆಳೆಯೋದು. ಈಗಿನ ಬಡಾವಣೆಗಳಲ್ಲಿ ಮಾತ್ರ ಮೆಷಿನ್ ತಂದು ಒಡೆದು, ಆ ಪುಡಿಗಲ್ಲನ್ನೇ ಹಾಸಿ ದಮ್ಮಸ್ಸು ಮಾಡಿ ಕಾಂಕ್ರೀಟ್ ಹಾಕ್ತಾರೆ. ನಮ್ಮ ವೆಲ್ಲಿರ್ ಬಡಾವಣೆ ಹಾಗೆ ಕಟ್ಟಿದ್ದು.

ಊರಾಚೆ ದಕ್ಷಿಣಕ್ಕೆ ಇನ್ನೂ ಎಳೆಯ ಲಾವಾ ಇದೆ, 1151ರದ್ದು. ಅಂದ್ರೆ ಜನ ಬಂದು ನೆಲೆಸಿದ ಮೇಲೆ ಹರಿದದ್ದು. ಅದರ ನಡುವೆ ದಾರಿಹೋಕರಿಗೆ ಅಂತ ಒಂದು ಪುಟ್ಟ ಕಲ್ಲಿನ ಪ್ರಾರ್ಥನಾ ಗುಡಿ ಇತ್ತು. 1950ರಲ್ಲಿ ಅಲ್ಲಿ ಅಗೆದಾಗ ಸಂತ ಬಾರ್ಬರಾಳ ಚಿಕ್ಕ ವಿಗ್ರಹ ಸಿಕ್ಕಿತು. ಬೆಂಕಿಯಿಂದ ಕಾಪಾಡೋಳು ಅಂತ ಕ್ಯಾಥೊಲಿಕರು ನಂಬೋ ಸಂತಳು ಅವಳು. ಲಾವಾ ಹೊಲದ ನಡುವೆ ಬೇರೆ ಯಾರನ್ನ ಕೂರಿಸ್ತಾರೆ ಹೇಳಿ. ಅಗೆದವರು ಕ್ರಿಸ್ಟ್ಯಾನ್ ಎಲ್ಡ್ಯಾರ್ನ್, ಪುರಾತತ್ವದವರು, 1968ರಲ್ಲಿ ದೇಶದ ಅಧ್ಯಕ್ಷರೂ ಆದರು.

ಇನ್ನು ಮತ್ತೆ ಬರುತ್ತಾ ಅಂದ್ರೆ, ಈ ರೇಕ್ಯಾನೆಸ್ ಪರ್ಯಾಯ ದ್ವೀಪ ಸುಮಾರು 800 ವರ್ಷ ಸುಮ್ಮನಿದ್ದು 2021ರ ಮಾರ್ಚಿನಲ್ಲಿ ಎದ್ದಿದೆ. 2023ರ ನವೆಂಬರ್ 10ರ ರಾತ್ರಿ ಗ್ರಿಂದಾವಿಕ್ ಅನ್ನೋ ಮೀನುಗಾರರ ಊರನ್ನ ಪೂರ್ತಿ ಖಾಲಿ ಮಾಡಿಸಿದ್ರು. ಅಲ್ಲಿಂದ ಬಂದವರು ನಮ್ಮ ಮಕ್ಕಳ ಕ್ಲಾಸಿನಲ್ಲೂ ಇದ್ದಾರೆ. ಆಮೇಲಿಂದ ಮನೆ ಕೊಳ್ಳೋರು ಮೊದಲು ಲಾವಾ ನಕ್ಷೆ ನೋಡ್ತಾರೆ, ಆಮೇಲೆ ಅಡುಗೆಮನೆ.

ಎಲ್ಬೆ_ದಂಡೆ:
ನಾನು ಹ್ಯಾಂಬರ್ಗ್‌ನಲ್ಲಿರೋದು, ಹಾಗಾಗಿ ನಮ್ಮೂರಿನ ಪಾಲು ಹೇಳಿಬಿಡ್ತೀನಿ. 15ನೇ ಶತಮಾನದಲ್ಲಿ ಈ ಬಂದರು ಇಂಗ್ಲಿಷರ ಕೈಲಿತ್ತು. ಒಣಮೀನು ಕೊಳ್ಳೋಕೆ ಬರ್ತಿದ್ರು. ಆಮೇಲೆ ಹ್ಯಾಂಬರ್ಗ್‌ನ ವ್ಯಾಪಾರಿಗಳು ಬಂದು, ಜಗಳ ಆಗಿ, ಇಂಗ್ಲಿಷರನ್ನ ಓಡಿಸಿ ತಾವು ಕೂತ್ರು. 1533ರಲ್ಲಿ ಅಲ್ಲೇ ತಮಗೊಂದು ಚರ್ಚು ಕಟ್ಟಿಕೊಂಡ್ರು. ಐಸ್‌ಲ್ಯಾಂಡ್ ಇನ್ನೂ ಕ್ಯಾಥೊಲಿಕ್ ಆಗಿದ್ದಾಗ ಅದು ಆ ದೇಶದ ಮೊದಲ ಲೂಥರನ್ ಚರ್ಚು. ಅಂದ್ರೆ ಹೊಸ ಮತ ಕೂಡ ಮೀನಿನ ವ್ಯಾಪಾರದ ಹಡಗಲ್ಲೇ ಹೋಯ್ತು.

1602ರಲ್ಲಿ ಡೆನ್ಮಾರ್ಕಿನ ದೊರೆ ಐಸ್‌ಲ್ಯಾಂಡ್ ವ್ಯಾಪಾರವೆಲ್ಲ ಡೇನರಿಗೆ ಮಾತ್ರ ಅಂತ ಮಾಡಿದ ಮೇಲೆ ನಮ್ಮವರ ಆಟ ನಿಂತಿತು. ಈಗ ಎಲ್ಬೆ ನದಿ ಸಮುದ್ರ ಸೇರೋ ಕಡೆ ಇರೋ ಕುಕ್ಸ್‌ಹಾಫನ್ ಊರಿಗೂ ಹಾಫ್ನರ್ಫ್ಯೋರ್ದುರ್‌ಗೂ ಅವಳಿ ಊರಿನ ನಂಟು ಇದೆ. ಅದೂ ಮೀನಿನ ಊರೇ.

ಮಲ್ಪೆ_ಮಾಣಿ:
ಮೀನು ಅಂದ ಕೂಡಲೇ ಬಂದೆ ಮಾರಾಯ್ರೆ. ನಮ್ಮ ಮನೆಯಲ್ಲಿ ಬೋಟು ಉಂಟು, ಅದಕ್ಕೆ ಕೇಳುವುದು. ಅಲ್ಲಿ ಟ್ರಾಲರ್ ಯಾವಾಗ ಬಂತು? ಬೋಟು ಯಾರದ್ದು, ಸಾಹುಕಾರರದ್ದಾ ಸೊಸೈಟಿಯದ್ದಾ? ಮೀನು ಒಣಗಿಸುವುದು ಹೇಗೆ? ಅಲ್ಲಿ ಬಿಸಿಲೇ ಇಲ್ಲವಲ್ಲ!

ಲಾವಾ_ಮನೆ:
ಮಾಣಿ, ಇದು ನನ್ನ ಇಷ್ಟದ ಭಾಗ. ಸ್ವಲ್ಪ ಉದ್ದ ಬರೀತೀನಿ, ಸಹಿಸ್ಕೊಳ್ಳಿ.

ಡೇನರ ಏಕಸ್ವಾಮ್ಯ 1787ರಲ್ಲಿ ಮುಗೀತು. ಆಮೇಲೆ ಸ್ವಂತ ವ್ಯಾಪಾರಕ್ಕಿಳಿದ ಮೊದಲ ಕೆಲವು ಐಸ್‌ಲ್ಯಾಂಡಿಗರಲ್ಲಿ ಬ್ಯಾರ್ನಿ ಸೀವರ್ಟ್ಸೆನ್ ಒಬ್ಬ. ಇಲ್ಲೇ ಅಂಗಡಿ, ಉಗ್ರಾಣ, ಹಡಗು ಕಟ್ಟೋ ಕಟ್ಟೆ ಎಲ್ಲ ಮಾಡಿದ. ಅವನು 1803ರಿಂದ 1805ರ ನಡುವೆ ಕಟ್ಟಿಸಿದ ಮನೆ ಊರಿನ ಅತಿ ಹಳೇ ಕಟ್ಟಡ, ಈಗ ಮ್ಯೂಸಿಯಂ. ನೆಪೋಲಿಯನ್ ಯುದ್ಧದ ಹೊತ್ತಿಗೆ ಬ್ರಿಟಿಷರು ಇವನ ಹಡಗು ಹಿಡಿದು ಸ್ಕಾಟ್ಲೆಂಡಿಗೆ ಎಳ್ಕೊಂಡು ಹೋದ್ರು. ಆಗ ಸರ್ ಜೋಸೆಫ್ ಬ್ಯಾಂಕ್ಸ್ ಅನ್ನೋ ಸಸ್ಯವಿಜ್ಞಾನಿ, ಹಿಂದೊಮ್ಮೆ ಐಸ್‌ಲ್ಯಾಂಡಿಗೆ ಬಂದು ಹೋಗಿದ್ದ ದೊಡ್ಡ ಮನುಷ್ಯ, ಮಧ್ಯೆ ಬಂದು ಬಿಡಿಸಿದ.

ಟ್ರಾಲರ್ ಬಂದದ್ದು 1905ರಲ್ಲಿ. ಐಸ್‌ಲ್ಯಾಂಡಿಗರೇ ಮಾಲೀಕರಾಗಿದ್ದ ಮೊದಲ ಟ್ರಾಲರ್ ಈ ಬಂದರಿನದ್ದೇ, ಹೆಸರು ಕೂಟ್. ಮೂರೇ ವರ್ಷದಲ್ಲಿ ದಡಕ್ಕೆ ಬಡಿದು ಹಾಳಾಯ್ತು, ಆದ್ರೆ ದಾರಿ ಬಿತ್ತು. ಆಮೇಲೆ ಸ್ಕಾಟ್ಲೆಂಡಿನ ಅಬರ್ಡೀನ್‌ನವರು, ಅವರ ಹಿಂದೆ ಹಲ್ ಊರಿನವರು ಬಂದು ಇಲ್ಲಿ ಮೀನಿನ ಕೆಲಸ ನಡೆಸಿದ್ರು. ಅವರು ಅಂಗಡಿ ಎತ್ತಿಕೊಂಡು ಹೊರಟಾಗೆಲ್ಲ ಊರಿಗೆ ಊರೇ ಕೆಲಸ ಇಲ್ಲದೆ ಕೂತ್ಕೊಳ್ತಿತ್ತು.

ಒಣಗಿಸೋದು ಹೇಗೆ ಅಂದ್ರಿ. ಲಾವಾ ಕಲ್ಲುಗಳನ್ನ ಒತ್ತಾಗಿ ಹಾಸಿ ದೊಡ್ಡ ಕಣ ಮಾಡ್ತಿದ್ರು. ಉಪ್ಪು ಹಾಕಿದ ಕಾಡ್ ಮೀನನ್ನ ಸೀಳಿ ಅದರ ಮೇಲೆ ಹರಡೋದು. ಬಿಸಿಲು ಬೇಕಿಲ್ಲ, ಒಣ ಗಾಳಿ ಸಾಕು. ಮೋಡ ಕಂಡ್ರೆ ಓಡಿ ಹೋಗಿ ರಾಶಿ ಮಾಡಿ ಮುಚ್ಚಬೇಕು, ಮೋಡ ಸರಿದ್ರೆ ಮತ್ತೆ ಹರಡಬೇಕು. ಈ ಕೆಲಸವೆಲ್ಲ ಹೆಂಗಸರು ಮಕ್ಕಳದ್ದು. ತಣ್ಣೀರಲ್ಲಿ ಮೀನು ತೊಳೆಯೋ ಹೆಂಗಸರ ಫೋಟೋಗಳು ಮ್ಯೂಸಿಯಂನಲ್ಲಿವೆ, ಅವರ ಕೈ ನೋಡಿದ್ರೆ ಸಾಕು. ಆ ಮೀನು ಹೋಗ್ತಿದ್ದದ್ದು ಸ್ಪೇನ್, ಪೋರ್ಚುಗಲ್ ಕಡೆಗೆ.

ಈಗ ನಿಮ್ಮ ಸೊಸೈಟಿ ಪ್ರಶ್ನೆ. 1926ರಲ್ಲಿ ಊರಿನ ಆಡಳಿತ ಕಾರ್ಮಿಕರ ಪಕ್ಷವಾದ ಸೋಷಿಯಲ್ ಡೆಮಾಕ್ರಟರ ಕೈಗೆ ಬಂತು. ಜಗತ್ತಿಗೇ ಆರ್ಥಿಕ ಕುಸಿತ ಬಡಿದಾಗ, 1931ರಲ್ಲಿ, ಪುರಸಭೆಯೇ ಟ್ರಾಲರ್ ಇಟ್ಟುಕೊಂಡು ಮೀನುಗಾರಿಕೆಗೆ ಇಳೀತು! ಲಾಭಕ್ಕಿಂತ ಕೂಲಿ ಮುಖ್ಯ ಅಂತ. ಅದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದು 1980ರ ದಶಕದಲ್ಲಿ ಮಾರಾಟವಾಯ್ತು. ಅದೇ ಹೊತ್ತಿಗೆ, 1984ರಲ್ಲಿ, ದೇಶದಲ್ಲಿ ಕೋಟಾ ಪದ್ಧತಿ ಬಂತು. ಯಾರು ಎಷ್ಟು ಹಿಡೀಬಹುದು ಅನ್ನೋ ಹಕ್ಕೇ ಕೊಳ್ಳೋ ಮಾರೋ ಸರಕಾಯ್ತು. ಬಂದರು ಇವತ್ತೂ ಚುರುಕಾಗಿದೆ, ಆದ್ರೆ ಊರಿನ ಅನ್ನ ಅದರಿಂದಲೇ ಅನ್ನೋ ಕಾಲ ಹೋಯ್ತು.

ಮಲ್ಪೆ_ಮಾಣಿ:
ಪುರಸಭೆಯೇ ಬೋಟು ಇಟ್ಟದ್ದಾ! ನಮ್ಮಲ್ಲಿ ಚರಂಡಿ ಕ್ಲೀನ್ ಮಾಡಿಸಿದರೆ ಸಾಕಾಗಿದೆ. ಮೀನಿನ ಹಬ್ಬ ಎಂತಾದರೂ ಉಂಟಾ?

ಲಾವಾ_ಮನೆ:
ಜೂನ್ ಮೊದಲ ಭಾನುವಾರ ನಾವಿಕರ ದಿನ. ಬಂದರಲ್ಲಿ ಬೋಟು ಸವಾರಿ, ಹಗ್ಗ ಜಗ್ಗಾಟ, ಮಕ್ಕಳಿಗೆ ಮುಟ್ಟಿ ನೋಡೋಕೆ ಅಂತ ತೊಟ್ಟಿಯಲ್ಲಿ ವಿಚಿತ್ರ ಮೀನುಗಳು. ಸಮುದ್ರದಲ್ಲಿ ಹೋದವರ ನೆನಪಿಗೆ ಹೂವಿಡ್ತಾರೆ.

ನಿಮಗೆ ಇನ್ನೊಂದು ಇಷ್ಟ ಆಗಬಹುದು. ಡಿಸೆಂಬರ್ 23ಕ್ಕೆ ಕೊಳೆಸಿದ ತೊರಕೆ ಮೀನು ಬೇಯಿಸಿ ತಿನ್ನೋ ಸಂಪ್ರದಾಯ ಇದೆ. ಅಮೋನಿಯಾ ವಾಸನೆ ಮೂಗಿಗಲ್ಲ, ನೇರ ಕಣ್ಣಿಗೆ ಹೊಡೆಯುತ್ತೆ. ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲಿಗೆ ಆ ವಾಸನೆ ಹೊಸ ವರ್ಷದವರೆಗೂ ಅಂಟಿರುತ್ತೆ. ನನ್ನ ಹೆಂಡತಿ ಇಂಗು ಒಗ್ಗರಣೆ ಹಾಕಿದಾಗ ಮೂಗು ಮುರಿಯೋ ಮೇಲಿನ ಮನೆಯಾಕೆಗೆ ನಾವು ಆವತ್ತೊಂದು ದಿನ ಮಾತ್ರ ಏನೂ ಅನ್ನಲ್ಲ, ಸುಮ್ನೆ ನಗ್ತೀವಿ.

ಸುಮ್ನೆ_ಓದುಗ:
ಎಲ್ಲಾ ಸರಿ ಸಾರ್. ಆದ್ರೆ ಬೋರ್ಡ್ ಮೇಲೆ ಎಲ್ಫ್ ಬಂದಿದ್ದು ಈಚೆಗೆ ಅಂದ್ರಲ್ಲ, ಜನ ನಂಬ್ತಾರೋ ಇಲ್ವೋ? ನೇರ ಹೇಳಿ.

ಲಾವಾ_ಮನೆ:
ಆಯ್ತಪ್ಪ, ಬಂದೇಬಿಡ್ತು.

ಊರ ಮಧ್ಯೆ ಹೆಟ್ಲಿಸ್‌ಗೆರ್ದಿ ಅನ್ನೋ ಲಾವಾ ಪಾರ್ಕು ಇದೆ. 1923ರಲ್ಲಿ ಮಾಗ್ನಿ ಅನ್ನೋ ಊರಿನ ಸಂಘ ಮಾಡಿದ್ದು. ಅವರ ಉದ್ದೇಶ ಮರ ಬೆಳೆಸೋದು, ಜತೆಗೆ ಇರೋ ಲಾವಾ ರೂಪಗಳನ್ನ ಉಳಿಸೋದು. 1990ರ ದಶಕದಲ್ಲಿ ಎರ್ಲಾ ಸ್ಟೆಫಾನ್ಸ್‌ದೋಟ್ಟಿರ್ ಅನ್ನೋ ಪಿಯಾನೋ ಟೀಚರ್, ತನಗೆ ಕಾಣೋ ಅಡಗು ಜನರ ಮನೆಗಳು ಇಲ್ಲಿವೆ ಅಂತ ನಕ್ಷೆ ಮಾಡಿಕೊಟ್ರು. ಪ್ರವಾಸೋದ್ಯಮದವರು ಅದನ್ನ ಅಚ್ಚು ಹಾಕಿಸಿದ್ರು. ಅಲ್ಲಿಂದ "ಎಲ್ಫ್ ಊರು" ಅನ್ನೋ ಬ್ರಾಂಡು. ವೈಕಿಂಗ್ ಹೋಟೆಲು, ಜೂನ್‌ನಲ್ಲಿ ನಡೆಯೋ ವೈಕಿಂಗ್ ಜಾತ್ರೆ ಎಲ್ಲ ಅದೇ ದಶಕದ ಬೆಳೆ. ಮೀನು ಹೋದ ಮೇಲೆ ಊರಿಗೆ ಹೊಸ ಮುಖ ಬೇಕಿತ್ತು, ಹಾಕ್ಕೊಂಡ್ತು.

ಇನ್ನು ರಸ್ತೆ ಕತೆ. ಪತ್ರಿಕೆಗಳಲ್ಲಿ "ಎಲ್ಫ್‌ಗಳು ಹೆದ್ದಾರಿ ತಡೆದವು" ಅಂತ ಬಂದದ್ದು ಪಕ್ಕದ ಗಾರ್ದಬೈರ್‌ನ ಗಾಲ್ಗಾಹ್ರೈನ್ ಲಾವಾ ಬಗ್ಗೆ. ಆಲ್ಟನೆಸ್ ಕಡೆಗೆ ಹೊಸ ರಸ್ತೆ ಮಾಡೋಕೆ ಹೊರಟ್ರು. ಲಾವಾ ಉಳಿಸಿ ಅನ್ನೋ ಪರಿಸರ ಸಂಘದವರು ಕೋರ್ಟಿಗೆ ಹೋದ್ರು, 2013ರ ಅಕ್ಟೋಬರ್‌ನಲ್ಲಿ ಬುಲ್ಡೋಜರ್ ಮುಂದೆ ಕೂತ್ರು. ಪೊಲೀಸರು ಒಬ್ಬೊಬ್ಬರನ್ನೇ ಎತ್ತಿಕೊಂಡು ಹೋದ್ರು. ಅವರಲ್ಲಿ ಓಮರ್ ರಾಗ್ನಾರ್ಸನ್ ಅನ್ನೋ ದೇಶಕ್ಕೆಲ್ಲ ಗೊತ್ತಿದ್ದ ಟಿವಿ ಪತ್ರಕರ್ತರೂ ಇದ್ದರು, ವಯಸ್ಸು ಎಪ್ಪತ್ತು ದಾಟಿತ್ತು. ಅವರ ವಾದ ಇದ್ದದ್ದು ಭೂರಚನೆ, ಪಾಚಿ, ಹಳೇ ಕಾಲುದಾರಿಗಳ ಬಗ್ಗೆ. ಅಲ್ಲೊಂದು ಬಂಡೆ ಎಲ್ಫ್‌ಗಳ ಚರ್ಚು ಅಂತ ಕೆಲವರು ಹೇಳಿದ್ದು ಹೌದು, 2015ರಲ್ಲಿ ಆ ಬಂಡೆಯನ್ನ ಕ್ರೇನಲ್ಲಿ ಎತ್ತಿ ಪಕ್ಕಕ್ಕಿಟ್ಟದ್ದೂ ಹೌದು. ರಸ್ತೆ ಮಾತ್ರ ಆಗೇ ಆಯ್ತು. ಹೊರದೇಶದ ಪತ್ರಿಕೆಗೆ ಬೇಕಾದದ್ದು ಬಂಡೆ. ಜನ ಜೈಲಿನ ಬಾಗಿಲಿಗೆ ಹೋಗಿ ಬಂದದ್ದು ಯಾರಿಗೆ ಬೇಕು?

ಜಾನಪದ_ಜೋಳಿಗೆ:
ಲಾವಾ_ಮನೆ ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತೆ. ಆದರೆ ಪೂರ್ತಿ ಬ್ರಾಂಡು ಅಂತ ತಳ್ಳಿಹಾಕೋದು ಸರಿಯಲ್ಲ. ಅಡಗು ಜನರ ಕತೆ ಐಸ್‌ಲ್ಯಾಂಡಿನಲ್ಲಿ 19ನೇ ಶತಮಾನದ ಸಂಗ್ರಹಗಳಲ್ಲೇ ನೂರಾರು ಇವೆ. ಅಲ್ಲಿ ಅವರು ಚೂಪುಗಿವಿಯ ಕುಳ್ಳರಲ್ಲ. ನಮ್ಮ ಹಾಗೇ ಹಸು ಕಟ್ಟಿ, ಹುಲ್ಲು ಕೊಯ್ದು, ಚರ್ಚಿಗೆ ಹೋಗೋ ನೆರೆಯವರು, ನಮಗಿಂತ ಸ್ವಲ್ಪ ಅನುಕೂಲಸ್ಥರು. ಹೆರಿಗೆಗೆ ಮನುಷ್ಯರ ಸೂಲಗಿತ್ತಿಯನ್ನ ಕರೆದೊಯ್ದು ಉಡುಗೊರೆ ಕೊಟ್ಟು ಕಳಿಸೋ ಕತೆಗಳು ಎಷ್ಟೋ. ಕಿವಿ ಚೂಪಾದದ್ದು ಅಂಗಡಿ ಗೊಂಬೆಗಳಲ್ಲಿ.

ಮತ್ತೆ ಕೋಪವೋಗುರ್‌ನ ಆಲ್ಫ್‌ಹೋಟ್ಲ್ ಗುಡ್ಡದ ಹತ್ತಿರ ರಸ್ತೆ ಇವತ್ತಿಗೂ ಕಿರಿದಾಗುತ್ತೆ. ನಿಮ್ಮ ಊರಲ್ಲೇ ಮೆರ್ಕೂರ್‌ಗಾತಾ ಬೀದಿಗೆ ಬಂಡೆ ಚಾಚಿಕೊಂಡಿರೋದನ್ನ ನೀವು ಹೇಳಲೇ ಇಲ್ಲ!

ಲಾವಾ_ಮನೆ:
ಮೆರ್ಕೂರ್‌ಗಾತಾ ಬೀದಿಯ ಬಂಡೆ ದಾಟಿಯೇ ಎಷ್ಟೋ ಸಲ ಓಡಾಡಿದೀನಿ. ಒಂದು ಕಾರಷ್ಟೇ ಹೋಗೋ ಜಾಗ. ಎದುರು ಕಾರು ಬಂದ್ರೆ ಯಾರೋ ಒಬ್ಬರು ಹಿಂದೆ ಹೋಗ್ತಾರೆ, ಯಾರೂ ಹಾರ್ನ್ ಮಾಡಲ್ಲ.

ಸೂಲಗಿತ್ತಿ ಕತೆ ಚೆನ್ನಾಗಿದೆ, ಒಪ್ಪಿದೆ. ಸುಮ್ನೆ_ಓದುಗ ಅವರಿಗೆ ನೇರ ಉತ್ತರ: ನನ್ನ ಜತೆ ಕೆಲಸ ಮಾಡೋರನ್ನ ಕೇಳಿದ್ರೆ "ಇದ್ದಾರೆ" ಅಂತ ಯಾರೂ ಹೇಳಲ್ಲ. "ಇಲ್ಲ" ಅಂತಲೂ ಹೇಳಲ್ಲ. ಅಜ್ಜಿ ಹೇಳ್ತಿದ್ರು ಅಂತಾರೆ, ಕಾಫಿ ಕುಡೀತಾರೆ.

ಹೈ_ಟೆನ್ಷನ್:
ನಾನು ಎಲೆಕ್ಟ್ರಿಕಲ್ ಇಂಜಿನಿಯರು. ಮೇಲೆ ಕರೆಂಟು ಅಂತ ಹೇಳಿ ಬಿಟ್ಟುಬಿಟ್ರಿ. ಐಸ್‌ಲ್ಯಾಂಡಿನ ಮೊದಲ ವಿದ್ಯುತ್ ಕೇಂದ್ರ ಅಲ್ಲೇ ಅಲ್ವಾ?

ಲಾವಾ_ಮನೆ:
ಹೌದು. ಯೋಹಾನ್ನೆಸ್ ರೇಕ್ದಾಲ್ ಅಂತ ಒಬ್ಬ ಬಡಗಿ. ಊರ ನಡುವಿನ ಹಳ್ಳದ ನೀರಿನಿಂದ ಮರದ ಕಾರ್ಖಾನೆ ನಡೆಸ್ತಿದ್ದ. ರಾತ್ರಿ ಮೆಷಿನ್ ನಿಂತ ಮೇಲೆ ನೀರು ಸುಮ್ನೆ ಹರಿದು ಹೋಗುತ್ತಲ್ಲ ಅಂತ, ನಾರ್ವೆಯಿಂದ 9 ಕಿಲೋವ್ಯಾಟಿನ ಡೈನಮೋ ತರಿಸಿದ. 1904ರ ಡಿಸೆಂಬರ್ 12ಕ್ಕೆ 16 ಮನೆಗೆ ದೀಪ ಹತ್ತಿತು. ಡಿಸೆಂಬರ್ ಅಂದ್ರೆ ಇಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಬೆಳಕಾಗಿ ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲಾಗೋ ತಿಂಗಳು, ಆ ದೀಪದ ಬೆಲೆ ನೀವೇ ಲೆಕ್ಕ ಹಾಕಿ. ಅದೇ ಹಳ್ಳದಲ್ಲಿ ಈಗ ಬಾತುಕೋಳಿಗಳು, ಅವಕ್ಕೆ ಬ್ರೆಡ್ ಹಾಕೋ ಮಕ್ಕಳು.

ಅಲ್ಲಿಂದ 65 ವರ್ಷ ಮುಂದೆ ಬನ್ನಿ. 1969ರಲ್ಲಿ ಊರ ಹೊರಗೆ ಸ್ಟ್ರೌಮ್ಸ್‌ವಿಕ್‌ನಲ್ಲಿ ಸ್ವಿಸ್ ಕಂಪನಿಯೊಂದರ ಅಲ್ಯೂಮಿನಿಯಂ ಕುಲುಮೆ ಶುರು. ಅದಕ್ಕೆ ಅಂತಲೇ ಥ್ಯೋರ್ಸಾ ನದಿಯಲ್ಲಿ ಬೂರ್ಫೆಟ್ಲ್ ಜಲವಿದ್ಯುತ್ ಕೇಂದ್ರ. ಮಾಸ್ತರು ಗಮನಿಸಬೇಕು, ಇದು ಬೇರೆ ಬೂರ್ಫೆಟ್ಲ್, ಇವರಿಗೆ ಬೆಟ್ಟಕ್ಕೆ ಹೆಸರಿಡೋದರಲ್ಲಿ ಜಿಪುಣತನ. ಅಲ್ಯೂಮಿನಿಯಂ ಅದಿರು ಬಾಕ್ಸೈಟ್, ಅದು ಐಸ್‌ಲ್ಯಾಂಡಿನಲ್ಲಿ ಒಂದು ಚೂರೂ ಇಲ್ಲ. ಅಲ್ಯೂಮಿನಾ ಪುಡಿ ಹಡಗಲ್ಲಿ ಬರುತ್ತೆ, ಕರೆಂಟು ಹರಿಸಿದ ಮೇಲೆ ಲೋಹ ಹಡಗಲ್ಲಿ ಹೋಗುತ್ತೆ. ಒಂದು ರೀತಿಯಲ್ಲಿ ರಫ್ತಾಗೋದು ಕರೆಂಟೇ. ಇವತ್ತು ದೇಶದ ಕರೆಂಟಿನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಇಂಥ ಕುಲುಮೆಗಳಿಗೇ ಹೋಗುತ್ತೆ.

ಹೈ_ಟೆನ್ಷನ್:
ಅದನ್ನ ದೊಡ್ಡದು ಮಾಡೋಕೆ ಹೋಗಿ ಜನ ಬೇಡ ಅಂದ್ರಂತಲ್ಲ?

ಲಾವಾ_ಮನೆ:
2007ರ ಮಾರ್ಚ್ 31. ವರ್ಷಕ್ಕೆ 1,80,000 ಟನ್ ಇದ್ದದ್ದನ್ನ 4,60,000 ಟನ್ನಿಗೆ ಏರಿಸೋ ಯೋಜನೆ. ಪುರಸಭೆ ತಾನೇ ತೀರ್ಮಾನಿಸದೆ ಊರಿನವರ ಮುಂದೆ ಇಡ್ತು. ಮುಕ್ಕಾಲು ಪಾಲು ಮತದಾರರು ಬಂದು ಓಟು ಹಾಕಿದ್ರು. ಬೇಡ ಅಂದವರು ಗೆದ್ದದ್ದು ಎಷ್ಟರಲ್ಲಿ ಗೊತ್ತಾ? 88 ಓಟು!

ಈ 88 ಅನ್ನೋ ಅಂಕಿ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಬಂದರಲ್ಲಿ ದುಡಿದ ಅಪ್ಪ ಬೇಕು ಅಂದು, ಓದಿದ ಮಗಳು ಬೇಡ ಅಂದು, ಒಂದೇ ಟೇಬಲ್ಲಿಗೆ ಊಟಕ್ಕೆ ಕೂತ ಮನೆಗಳಿದ್ದವು. ಕುಲುಮೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಪಕ್ಕದ ಮನೆಯ ಅಜ್ಜ ಇವತ್ತಿಗೂ ಹೇಳ್ತಾರೆ, ಮರುವರ್ಷವೇ ಬ್ಯಾಂಕುಗಳು ಮುಳುಗಿ ದೇಶ ದಿವಾಳಿ ಅಂಚಿಗೆ ಬಂತು, ಆಗ ಆ ಕೆಲಸಗಳು ಇದ್ದಿದ್ರೆ ಅಂತ. ಅವರ ಹೆಂಡತಿ ಬೇಡ ಅಂತ ಓಟು ಹಾಕಿದವರು. ಅಜ್ಜ ಈ ಮಾತು ತೆಗೆದ ಕೂಡಲೇ ಅವರು ಎದ್ದು ಪಾತ್ರೆ ತೊಳೆಯೋಕೆ ಹೋಗ್ತಾರೆ.

ನನ್ನನ್ನ ಕೇಳಿದ್ರೆ ಈ ಊರನ್ನ ಅರ್ಥ ಮಾಡ್ಕೊಳ್ಳೋಕೆ ಎಲ್ಫ್ ನಕ್ಷೆಗಿಂತ ಆ ಓಟಿನ ಪಟ್ಟಿ ಮೇಲು. ಲಾವಾ ಉಳೀಬೇಕು ಅನ್ನೋದೂ ನಿಜ, ಸಂಬಳ ಬೇಕು ಅನ್ನೋದೂ ನಿಜ, ಎರಡೂ ಹೆಚ್ಚುಕಮ್ಮಿ ಅರ್ಧರ್ಧ.

ಧಾರವಾಡದ_ಮಾಸ್ತರ:
ಅಲ್ರಿ, ಗಾಳ್ಯಾಗಿನ ಇಂಗಾಲ ಹಿಡದು ಕಲ್ಲು ಮಾಡೋ ಕೆಲಸಾನೂ ನಿಮ್ಮ ಕಡೇನ ನಡದೈತಲ್ಲ? ಬಸಾಲ್ಟ್ ಕಲ್ಲಿನ ಕ್ಯಾಲ್ಸಿಯಂ ಜೋಡಿ ಕೂಡಿ ಸುಣ್ಣದ ಕಲ್ಲಿನಂಗ ಆಗತೈತಿ ಅಂತ ಓದೀನಿ. ಎರಡು ವರ್ಷದಾಗ ಆಗತೈತೆಂತ, ಭಾಳ ಆಶ್ಚರ್ಯ.

ಲಾವಾ_ಮನೆ:
ಹೌದು ಮಾಸ್ತರೇ, ಕಾರ್ಬ್‌ಫಿಕ್ಸ್ ಅಂತ. ಹೆಟ್ಲಿಸ್‌ಹೇದಿ ಭೂಶಾಖದ ವಿದ್ಯುತ್ ಕೇಂದ್ರದಲ್ಲಿ ಇಂಗಾಲದ ಡೈಆಕ್ಸೈಡನ್ನ ನೀರಲ್ಲಿ ಕರಗಿಸಿ ಬಸಾಲ್ಟ್ ಒಳಗೆ ಇಳಿಸ್ತಾರೆ. ಅದನ್ನೇ ದೊಡ್ಡದಾಗಿ ಸ್ಟ್ರೌಮ್ಸ್‌ವಿಕ್‌ನಲ್ಲಿ ಮಾಡೋ ಯೋಜನೆ ಬಂತು, ಯೂರೋಪಿನ ಕಾರ್ಖಾನೆಗಳಿಂದ ಹಡಗಲ್ಲಿ ತಂದು ಇಲ್ಲಿ ಇಳಿಸೋದು. ಆ ಕೊಳವೆಬಾವಿಗಳು ಬರಬೇಕಿದ್ದದ್ದು ನಮ್ಮ ಬಡಾವಣೆಯ ಮಗ್ಗುಲಿಗೆ. ಮತ್ತೆ ಸಭೆ, ಮತ್ತೆ ಸಹಿ ಸಂಗ್ರಹ. ನೆಲ ನಡುಗಿದ್ರೆ? ಕುಡಿಯೋ ನೀರಿಗೆ ಬಂದ್ರೆ? ಹೊರದೇಶದ ಕಸ ನಮಗ್ಯಾಕೆ? ವಿಜ್ಞಾನ ಗಟ್ಟಿ ಇದೆ ಅಂತ ನನಗನ್ನಿಸಿತ್ತು, ಆದ್ರೆ ಮನೆ ಪಕ್ಕದ ವಿಷಯದಲ್ಲಿ ವಿಜ್ಞಾನ ಒಂದೇ ಸಾಲಲ್ಲ. 2025ರಲ್ಲಿ ಕಂಪನಿಯೇ ಇಲ್ಲಿಂದ ಕೈಬಿಟ್ಟಿತು.

ತುಮಕೂರಿನ_ಸೊಸೆ:
ಅಣ್ಣಾ, ಟನ್ನು ಓಟು ಎಲ್ಲ ಆಯ್ತು, ಸಂಸಾರದ ವಿಷಯ ಹೇಳಿ. ನಮ್ಮನೆಯವರಿಗೆ ರೇಕ್ಯಾವಿಕ್‌ನಲ್ಲಿ ಕೆಲಸ ಆಗೋ ಹಾಗಿದೆ. ಬಾಡಿಗೆ ನೋಡಿದ್ರೆ ನಿಮ್ಮೂರ ಕಡೆನೇ ಬರಬೇಕೇನೋ. ದೋಸೆ ಹಿಟ್ಟು ಹುಳಿ ಬರುತ್ತಾ? ಮಕ್ಕಳು ಹೇಗೆ? ಈಜುಕೊಳದಲ್ಲಿ ಏನೋ ಬಟ್ಟೆ ಬಿಚ್ಚಬೇಕು ಅಂತಾರಲ್ಲ, ನಿಜಾನಾ?

ಲಾವಾ_ಮನೆ:
ತಂಗಿ, ಮೊದಲು ಹಿಟ್ಟು. ಪ್ರತಿ ಕಿಟಕಿ ಕೆಳಗೂ ರೇಡಿಯೇಟರ್ ಇರುತ್ತೆ, ಭೂಮಿಯೊಳಗಿನ ಬಿಸಿನೀರು ಅದರಲ್ಲಿ ಹರೀತಾ ಇರುತ್ತೆ. ಅದರ ಮೇಲೆ ಮಡಿಚಿದ ಟವೆಲ್ ಹಾಕಿ ಪಾತ್ರೆ ಇಟ್ರೆ ಹಿಟ್ಟು ಉಬ್ಬಿ ಚೆಲ್ಲುತ್ತೆ, ಕೆಳಗೊಂದು ತಟ್ಟೆ ಇಡಿ. ನಲ್ಲಿಯ ಬಿಸಿನೀರಿಗೆ ಕೊಳೆತ ಮೊಟ್ಟೆಯ ವಾಸನೆ ಇರುತ್ತೆ, ಅಡುಗೆಗೆ ಬಳಸಬೇಡಿ, ಬೆಳ್ಳಿ ಕಪ್ಪಾಗುತ್ತೆ. ತಣ್ಣೀರು ಕಾಲ್ದಾ ಬುಗ್ಗೆಯದ್ದು, ಫಿಲ್ಟರ್ ಯಾಕೆ ಅಂತ ಕೇಳ್ತಾರೆ. ಮೊಸರನ್ನಕ್ಕೆ ಸ್ಕೀರ್ ಅನ್ನೋ ಇಲ್ಲಿನ ಮೊಸರು ತರಬೇಡಿ, ತೀರಾ ಗಟ್ಟಿ. ಏಬಿ ಹಾಲು ಅಂತ ಸಿಗುತ್ತೆ, ಅದು ನಮ್ಮ ಮೊಸರಿಗೆ ಹತ್ತಿರ.

ಮಕ್ಕಳು: ಇಲ್ಲಿ ಮಕ್ಕಳಿಗೆ ಕಾನೂನೇ ಕರ್ಫ್ಯೂ ಹಾಕಿದೆ. 12 ವರ್ಷದವರೆಗೆ ಚಳಿಗಾಲದಲ್ಲಿ ರಾತ್ರಿ 8ರ ಮೇಲೆ ಹೊರಗಿರೋ ಹಾಗಿಲ್ಲ, 13ರಿಂದ 16ಕ್ಕೆ 10 ಗಂಟೆ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಎರಡೆರಡು ಗಂಟೆ ಹೆಚ್ಚು. ಕೈಗೂಸನ್ನ ಗಾಡಿಯಲ್ಲಿ ಮಲಗಿಸಿ ಚಳಿಗೇ ಹೊರಗೆ ಬಿಡ್ತಾರೆ, ಗಾಬರಿ ಆಗಬೇಡಿ, ನಿಮ್ಮ ಅತ್ತೆಗೆ ವಿಡಿಯೋದಲ್ಲಿ ತೋರಿಸಬೇಡಿ. ಇನ್ನು ಊರಿಗೆ ಬಂದ ವಾರದಲ್ಲೇ ಒಂದು ಪ್ರಶ್ನೆ ಬರುತ್ತೆ: ಮಗು ಎಫ್‌ಹಾ ಕಡೆಗಾ, ಹೌಕರ್ ಕಡೆಗಾ? ಇವು ಎರಡು ಕ್ಲಬ್ಬುಗಳು, 1929ರದ್ದೊಂದು, 1931ರದ್ದೊಂದು. ಫುಟ್ಬಾಲ್, ಹ್ಯಾಂಡ್‌ಬಾಲ್ ಎಲ್ಲ ಇವೆ. ಫುಟ್ಬಾಲಿನಲ್ಲಿ ಎಫ್‌ಹಾ 2004ರಿಂದ 2016ರೊಳಗೆ ಎಂಟು ಸಲ ದೇಶದ ಚಾಂಪಿಯನ್. ಹ್ಯಾಂಡ್‌ಬಾಲಿನಲ್ಲಿ ಇಬ್ಬರೂ ಎದುರಾದ ದಿನ ಬೇಕರಿಯಲ್ಲಿ ಸಾಲು ನಿಂತವರೂ ಎರಡು ಪಂಗಡ. ಒಮ್ಮೆ ಸೇರಿಸಿದ್ರೆ ಅದು ಜಾತಿ ಇದ್ದ ಹಾಗೆ, ಬದಲಾಗಲ್ಲ.

ಈಜುಕೊಳ: ನಿಜ. ಊರಲ್ಲಿ ಮೂರಿವೆ, ಹಳೇದು ಸುಂದ್‌ಹೋಟ್ಲ್, ದೊಡ್ಡದು 2008ರ ಆಸ್ವಾಟ್ಲಲೈಗ್. ನೀರಿಗೆ ಕ್ಲೋರಿನ್ ಕಮ್ಮಿ ಹಾಕೋದರಿಂದ, ಒಳಗೆ ಹೋಗೋ ಮುಂಚೆ ಈಜುಡುಗೆ ಇಲ್ಲದೆ ಸೋಪು ಹಾಕಿ ತೊಳ್ಕೊಳ್ಳಲೇಬೇಕು. ಯಾವ್ಯಾವ ಜಾಗ ತೊಳೀಬೇಕು ಅಂತ ಗೋಡೆ ಮೇಲೆ ಚಿತ್ರ ಬೇರೆ ಇರುತ್ತೆ, ಬಣ್ಣ ಹಾಕಿ! ಹೆಂಗಸರದ್ದು ಬೇರೆ, ಗಂಡಸರದ್ದು ಬೇರೆ. ಕೆಲವು ಕಡೆ ಮರೆ ಇರೋ ಶವರ್ ಸಿಗುತ್ತೆ, ಕೇಳಿ.

ತುಮಕೂರಿನ_ಸೊಸೆ:
ಅಯ್ಯೋ ರಾಮ. ಹಾಗಾದ್ರೆ ನಾನು ದಡದಲ್ಲೇ ಕೂತ್ಕೋತೀನಿ ಬಿಡಿ.

ಲಾವಾ_ಮನೆ:
ನನ್ನ ಹೆಂಡತಿಯೂ ಹಾಗೇ ಅಂದಿದ್ಲು. ಈಗ ವಾರಕ್ಕೆರಡು ಸಲ ಹೋಗ್ತಾಳೆ. ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೂ ಮುಳುಗಿ ಕೂತು, ಪುರಸಭೆ ಸದಸ್ಯರ ಜತೆಗೇ ಕಸದ ಡಬ್ಬಿ ಬಗ್ಗೆ ಜಗಳ ಆಡಿ ಬರ್ತಾಳೆ. ಐಸ್‌ಲ್ಯಾಂಡಿಕ್ ಭಾಷೆ ಕ್ಲಾಸಿಗಿಂತ ಆ ತೊಟ್ಟಿಯಲ್ಲೇ ಹೆಚ್ಚು ಕಲಿತದ್ದು.

ಎಲ್ಬೆ_ದಂಡೆ:
ಊರಿನವರ ಮೇಲಿನ ಜೋಕುಗಳನ್ನ ಯಾರೂ ಹೇಳಲಿಲ್ಲ. ಐಸ್‌ಲ್ಯಾಂಡಿನಲ್ಲಿ ದಡ್ಡರ ಜೋಕು ಅಂದ್ರೆ ಹಾಫ್ನರ್ಫ್ಯೋರ್ದುರ್‌ನವರದ್ದೇ ಅಂತೆ. ಇವರು ಅಂಗಡಿಗೆ ಹೋಗುವಾಗ ಏಣಿ ಯಾಕೆ ಹೊತ್ಕೊಂಡು ಹೋಗ್ತಾರೆ? ಬೆಲೆ ತುಂಬಾ ಎತ್ತರಕ್ಕೆ ಹೋಗಿದೆಯಂತೆ.

ಲಾವಾ_ಮನೆ:
ಇನ್ನೊಂದು ಕೇಳಿ. ಐಸ್‌ಲ್ಯಾಂಡಿನಲ್ಲಿ ಕ್ರಿಸ್‌ಮಸ್ ಮುಂಚೆ ಹೊಸ ಪುಸ್ತಕಗಳು ರಾಶಿ ರಾಶಿ ಬರ್ತವೆ, ಅದಕ್ಕೆ ಪುಸ್ತಕದ ಪ್ರವಾಹ ಅಂತಾರೆ. ಹಾಫ್ನರ್ಫ್ಯೋರ್ದುರ್‌ನವರು ಡಿಸೆಂಬರ್‌ನಲ್ಲಿ ಸಮುದ್ರದ ದಡಕ್ಕೆ ಯಾಕೆ ಹೋಗಿ ನಿಲ್ತಾರೆ? ಪ್ರವಾಹ ಬರೋದು ನೋಡೋಕೆ. ಈ ಜೋಕುಗಳನ್ನ ಅತಿ ಹೆಚ್ಚು ಹೇಳೋದು ನಮ್ಮೂರಿನವರೇ. ಬೇರೆಯವರು ಹೇಳಿದ್ರೆ ಮಾತ್ರ, ಕೋಪವೋಗುರ್‌ನಲ್ಲಿ ಜೋಕು ಮಾಡೋಕಾದ್ರೂ ಏನಿದೆ ಅಂತ ತಿರುಗಿಸಿ ಕೇಳ್ತಾರೆ.

ಸುಮ್ನೆ_ಓದುಗ:
ಜೂನ್‌ನಲ್ಲಿ ಕೆಫ್ಲಾವಿಕ್ ಏರ್‌ಪೋರ್ಟಿನಲ್ಲಿ ಎಂಟು ಗಂಟೆ ಕಾಯೋದಿದೆ. ರೇಕ್ಯಾವಿಕ್ ಬಿಟ್ಟು ನಿಮ್ಮೂರಿಗೇ ಬರೋಣ ಅಂತ. ಎಲ್ಫ್ ನೋಡಲ್ಲ, ಪ್ರಾಮಿಸ್.

ಲಾವಾ_ಮನೆ:
55ನೇ ನಂಬರಿನ ಬಸ್ಸು ಹತ್ತಿ, ಫ್ಯೋರ್ದುರ್ ಸ್ಟಾಪಿನಲ್ಲಿ ಇಳೀರಿ, ಬಂದರು ಎದುರಿಗೇ ಇದೆ. ಬರೋ ದಾರೀಲಿ ಎಡಗಡೆ ಕಿಟಕಿಗೆ ಕೂತ್ರೆ ಅಲ್ಯೂಮಿನಿಯಂ ಕುಲುಮೆಯ ಉದ್ದನೆ ಶೆಡ್ಡುಗಳು ಕಾಣ್ತವೆ. ಸೀವರ್ಟ್ಸೆನ್ ಮನೆ, ಮ್ಯೂಸಿಯಂ, ರೇಕ್ದಾಲ್‌ನ ಹಳ್ಳ, ಹಾಮರಿನ್ ಬಂಡೆ ಎಲ್ಲ ನಡೆದು ಹೋಗೋ ದೂರ. ಮಧ್ಯಾಹ್ನಕ್ಕೆ ಬಂದರ ಹತ್ತಿರ ಮೀನಿನ ಊಟ, ಸಸ್ಯಾಹಾರಿ ಆದ್ರೆ ಮೊದಲೇ ತಿಳಿಸಿ, ನಮ್ಮನೇಲಿ ಚಿತ್ರಾನ್ನ ಆಗುತ್ತೆ. ಕೊಡೆ ತರಬೇಡಿ, ಇಲ್ಲಿನ ಗಾಳಿಗೆ ಕಡ್ಡಿ ಮಾತ್ರ ಕೈಲಿ ಉಳಿಯುತ್ತೆ. ವಾಪಸ್ ಬಸ್ಸಿನ ಟೈಮ್ ಭಾನುವಾರಕ್ಕೆ ಬೇರೆ ಇರುತ್ತೆ, ನೋಡ್ಕೊಂಡು ಬನ್ನಿ.